ಮೊದಲ ಪುಟ ನಂಬಿದವಳು

ಝೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಿದ್ದ ಹಾಳೆಗೆ ಒಂದು ವಾಸನೆ ಇರುತ್ತದೆ. ಸ್ವಲ್ಪ ಇಸ್ತ್ರಿ ಬಟ್ಟೆಯದು, ಸ್ವಲ್ಪ ಸುಟ್ಟ ಕೂದಲಿನದು. ಮೊನ್ನೆ ಬ್ಯಾಂಕಿನವರು ಕೇಳಿದರೆಂದು ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬಿಸಿ ಹಾಳೆ ಕೈಗಿಟ್ಟ. ಮೂಗಿಗೆ ಆ ವಾಸನೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬ್ಯಾಂಕಿಗೆ ಹೋಗುವುದನ್ನೂ ಬಿಟ್ಟು ಸೀದಾ ಮನೆಗೆ ಬಂದೆ. ಬಂದವಳು ಕೂತೆನೇ? ಇಲ್ಲ. ಅಂಗಳ, ಪಡಸಾಲೆ, ಹಿತ್ತಲು, ಮತ್ತೆ ಅಂಗಳ... ಸಂಜೆಯವರೆಗೆ ಇದೇ ತಿರುಗಾಟ. ನನ್ನ ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ “ಸಿಟ್ ಸ್ಟಿಲ್, ಚೈಲ್ಡ್” ಎಂದು ಗದರಿಸುತ್ತಿದ್ದರು. ಎಪ್ಪತ್ತು ದಾಟಿದ ಚೈಲ್ಡ್!

ಆ ವಾಸನೆಯನ್ನು ನನ್ನ ಪಡಸಾಲೆಗೆ ತಂದವಳು ಎದುರು ಮನೆಯ ಸೊಸೆ. ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ತಾಂಬಾದ ಹುಡುಗಿ, ಗಂಡ ದೇವಣಗಾಂವದ ಹೈಸ್ಕೂಲಿನಲ್ಲಿ ಮಾಸ್ತರ. ಮದುವೆಯಾದ ಮರುವರ್ಷವೇ ಹಟ ಹಿಡಿದು ಬಿಜಾಪುರದಲ್ಲಿ ಎಂ.ಎ. ಇಂಗ್ಲಿಷ್‌ಗೆ ಸೇರಿದಳು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಬಸ್ಸು ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ನಡೆಯುವುದೆಂದರೆ ಅವಳಿಗೆ ಗೊತ್ತಿರಲಿಲ್ಲ, ಓಡುವುದೇ. ಬೀದಿ ದಾಟಲು ನಾಲ್ಕು ಹೆಜ್ಜೆ, ಅದನ್ನೂ ಓಡಿಯೇ ದಾಟುತ್ತಿದ್ದಳು. ಹೆಗಲ ಚೀಲದಿಂದ ಝೆರಾಕ್ಸ್ ಹಾಳೆಗಳ ಮೂಲೆ ಇಣುಕುತ್ತಿತ್ತು.

ನಾನು ಆಗ ಇಲ್ಲಿನ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಿಂದ ನಿವೃತ್ತಳಾಗಿ ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಬೀದಿಯಲ್ಲಿ ಎಲ್ಲರಿಗೂ ನಾನು ಅಕ್ಕೋರು. ಮಕ್ಕಳ ಕಡೆಯಿಂದ ರೈಮ್ಸ್ ಹೇಳಿಸಿ, ಎಲೊಕ್ಯೂಷನ್‌ಗೆ ತಯಾರು ಮಾಡಿ, “ಪ್ಲೀಸ್, ಥ್ಯಾಂಕ್ ಯೂ, ಎಕ್ಸ್‌ಕ್ಯೂಸ್ ಮಿ” ಕಲಿಸಿ ಆಯುಷ್ಯ ಕಳೆದವಳು. ಸಿಂದಗಿಯಲ್ಲಿ ಇಂಗ್ಲಿಷ್ ಅಂದರೆ ನಾನು ಎಂಬ ಒಂದು ಹೆಸರು ಮಾತ್ರ ಇತ್ತು.

ಒಂದು ದಿನ ಅವಳ ಅತ್ತೆ ನನ್ನ ಬಾಗಿಲಿಗೆ ಬಂದು ನಿಂತರು. ದೊಡ್ಡ ಬಾಯಿಯ, ದೊಡ್ಡ ಮನಸ್ಸಿನ ಹೆಂಗಸು.

“ಅಕ್ಕೋರ, ನಮ್ಮ ಸೊಸಿಗಿ ಏನೋ ಬಡಕೊಂಡೈತ್ರಿ. ಮನ್ಯಾಗ ಕನ್ನಡ ಮಾತಾಡವಲ್ಲಳು. ಇವತ್ತು ಹಾಲ ಉಕ್ಕಿದ್ದನ್ನೂ ಇಂಗ್ಲಿಷಿನ್ಯಾಗ ಒದರಿದಳು. ನನಗ ತಿಳಿಯೋದ್ರಾಗ ಹಾಲು ಒಲಿ ಪಾಲು!”

ನಾನು ನಕ್ಕೆ. ಪ್ರ್ಯಾಕ್ಟೀಸ್ ಮಾಡುತ್ತಿರಬೇಕು, ಒಳ್ಳೆಯದೇ ಅಂದೆ. ನಿಜವಾದ ಕಾರಣ ಗೊತ್ತಾದದ್ದು ದೀಪಾವಳಿ ರಜೆ ಹತ್ತಿರ ಬಂದಾಗ.

ಅವಳ ಕ್ಲಾಸಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪ್ರಬಂಧ ಕೊಟ್ಟಿದ್ದರಂತೆ. ಅದನ್ನು ಓದಿಕೊಂಡು ಬಂದು, ಬರೆದವನು ಏನು ಹೇಳುತ್ತಾನೆ ಎಂದು ಎಲ್ಲರೆದುರು ನಿಂತು ಹೇಳಬೇಕು. ಸೆಮಿನಾರ್. ಇವರೆಲ್ಲ ಬಿ.ಎ.ವರೆಗೆ ಗೈಡ್ ನೆಚ್ಚಿ ಬಂದವರು. ಇಂಡಿಯಿಂದ, ಬಾಗೇವಾಡಿಯಿಂದ, ಮುದ್ದೇಬಿಹಾಳದಿಂದ ಬರುವ ಕನ್ನಡ ಸಾಲಿಯ ಮಕ್ಕಳು. ಗೈಡಿನಲ್ಲಿ ಪ್ರಶ್ನೆ ಇರುತ್ತದೆ, ಕೆಳಗೆ ಉತ್ತರ ಇರುತ್ತದೆ, ಉತ್ತರದ ಮೊದಲ ಸಾಲಿನಲ್ಲೇ ವಿಷಯ ಇರುತ್ತದೆ. ಆ ಸಾಲನ್ನು ಗೀಟು ಹಾಕಿ ಬಾಯಿಪಾಠ ಮಾಡಿದರೆ ಪಾಸು. ಆದರೆ ಈ ಪ್ರಬಂಧಗಳಿಗೆ ಯಾವ ಪುಣ್ಯಾತ್ಮನೂ ಗೈಡ್ ಬರೆದಿರಲಿಲ್ಲ.

ಇವಳ ಪಾಲಿಗೆ ಬಂದದ್ದು, ಇಂಗ್ಲಿಷ್ ಕಲಿಯುವವರು ಓದುವಾಗ ತಾಯ್ನುಡಿಯನ್ನು ಏನು ಮಾಡಬೇಕು ಎಂಬ ಪ್ರಬಂಧ. ಡಿಕ್ಷನರಿ ಇಟ್ಟುಕೊಂಡು ಬಸ್ಸಿನಲ್ಲಿ ಮೊದಲ ಪುಟ ಓದಿದ್ದಳು. ಓದುವವರು ತಾಯ್ನುಡಿಯನ್ನು ತಲೆಯಿಂದ ಹೊರಗಿಡಬೇಕು, ಸಾಲು ಸಾಲಿಗೂ ತಮ್ಮ ಭಾಷೆಗೆ ಹೊರಳಿಸಿಕೊಳ್ಳುವವರು ಕೊನೆಯವರೆಗೂ ಕುಂಟುತ್ತಾರೆ ಎಂದು ಅಲ್ಲಿತ್ತು. ವಿಷಯ ಸಿಕ್ಕಿತೆಂದು ಓದನ್ನು ಅಲ್ಲಿಗೇ ನಿಲ್ಲಿಸಿ ಗೀಟು ಹಾಕಿದಳು. ಹಾಕಿದ್ದಷ್ಟೇ ಅಲ್ಲ, ನಂಬಿದಳು. ಪ್ರಿಂಟಾದದ್ದು ಸುಳ್ಳಾದೀತೇ? ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಕನ್ನಡ ಅರ್ಥಗಳನ್ನೆಲ್ಲ ರಬ್ಬರಿನಿಂದ ತಿಕ್ಕಿ ಅಳಿಸಿದಳು. ಬಸ್ಸಿನ ಗೆಳತಿಯರೊಂದಿಗೆ ಪಾಠದ ಮಾತು ಬಿಟ್ಟಳು. ಮನೆಯಲ್ಲಿ ಕನ್ನಡ ಬಿಟ್ಟಳು. ಪಾಪ, ಹಾಲಿಗೂ ಬಿಟ್ಟಳು.

ಸೆಮಿನಾರಿನ ದಿನ ಎದ್ದು ನಿಂತು, ಈ ಲೇಖಕರು ತಾಯ್ನುಡಿ ಬಿಡಬೇಕು ಅನ್ನುತ್ತಾರೆ ಎಂದು ಗಟ್ಟಿಯಾಗಿ ಹೇಳಿದಳಂತೆ. ಪಾಠ ಮಾಡುವ ಮೇಡಂ ಸುಮ್ಮನೆ ಕೇಳಿ, ಮೂರನೇ ಪುಟ ತೆಗೆದು ಓದು ಅಂದರಂತೆ. ಓದಿದಳು. ಅಲ್ಲಿ ಅದೇ ಲೇಖಕ ಪೂರಾ ಉಲ್ಟಾ ಮಾತಾಡುತ್ತಿದ್ದ. ತಾಯ್ನುಡಿ ಬಿಟ್ಟು ಓದುವವರಿಗೆ ಅಕ್ಷರ ಸಿಗುತ್ತದೆ, ಅರ್ಥ ಸಿಗುವುದಿಲ್ಲ ಎನ್ನುತ್ತಿದ್ದ. “ಹಾಗಾದರೆ ಯಾವುದು ಅವನ ಮಾತು?” ಎಂದರು ಮೇಡಂ. ಇವಳು ಹಾಳೆಗಳನ್ನು ಹಿಂದೆ ಮುಂದೆ ತಿರುವತೊಡಗಿದಳು. ಹಿಂದಿನ ಬೆಂಚಿನಿಂದ ಬಾಗೇವಾಡಿಯ ಹುಡುಗನೊಬ್ಬ, “ರೈಟರ್ ನಡುವ ಪಾರ್ಟಿ ಬದಲಿ ಮಾಡ್ಯಾನ್ರಿ ಮೇಡಂ!” ಎಂದ. ಇಡೀ ಕ್ಲಾಸು ನಕ್ಕಿತು.

ರಜೆ ಮುಗಿದ ಮೇಲೆ ಮತ್ತೊಮ್ಮೆ ನಿಲ್ಲು ಎಂದು ಮೇಡಂ ಹೇಳಿದ್ದರು. ಅವತ್ತು ಸಂಜೆ ಅವಳು ಬೀದಿ ದಾಟಿದ್ದು ನಡೆದುಕೊಂಡು... ಅದನ್ನು ನೋಡಿಯೇ ನನಗೆ ಏನೋ ಆಗಿದೆ ಅನ್ನಿಸಿತ್ತು.

“ಅಕ್ಕೋರ, ನಿಮಗ ಇಂಗ್ಲಿಷು ನೀರು ಕುಡದಂಗ. ಇದರಾಗ ಏನೈತಿ ಒಂದೀಟು ಹೇಳ್ರಿ.”

ಕನ್ನಡಕ ಏರಿಸಿ ಓದಿದೆ. ಒಂದು ಪ್ಯಾರಾ ಓದಿದೆ, ಮತ್ತೆ ಅದನ್ನೇ ಓದಿದೆ. ಮೈ ಗಾಡ್! ಒಂದೊಂದು ವಾಕ್ಯವೂ ಇಂಡಿಯಿಂದ ಮುದ್ದೇಬಿಹಾಳದವರೆಗಿನ ದಾರಿಯಷ್ಟು ಉದ್ದ. ಕೊನೆ ಮುಟ್ಟುವ ಹೊತ್ತಿಗೆ ಎಲ್ಲಿ ಹತ್ತಿದ್ದೆ ಎನ್ನುವುದೇ ಮರೆತುಹೋಗುತ್ತಿತ್ತು. ಕಾನ್ವೆಂಟಿನಲ್ಲಿ ನಾವು ಪದ್ಯ ಕಲಿತೆವು, ಪತ್ರ ಬರೆಯುವುದು ಕಲಿತೆವು, ಟೀ ಕಪ್ಪು ಹಿಡಿಯುವುದು ಕಲಿತೆವು. ಇಂಥ ಇಂಗ್ಲಿಷನ್ನು ಯಾರೂ ನಮ್ಮ ಮುಂದೆ ಇಟ್ಟಿರಲಿಲ್ಲ.

“ಓದಾಕ ಬರತೈತವ್ವಾ, ತಿಳಿಯವಲ್ತು,” ಅಂದೆ.

ಅವಳು ಮೊದಲು ನಕ್ಕಳು. ಆಮೇಲೆ ಮುಖ ಇಳಿಯಿತು. “ನಿಮಗಽ ತಿಳಿವಲ್ತಂದ್ರ ನನ್ನ ಗತಿ ಏನ್ರಿ?”

ಮೊದಲ ಪುಟದ ಮಾತು ಮಾತ್ರ ನನಗೆ ಅರ್ಥವಾಗಿತ್ತು, ಸರಿಯಾಗಿಯೂ ಕಂಡಿತ್ತು. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಆಡಿದವಳ ಕೊರಳಿಗೆ ಒಂದು ಮರದ ತುಂಡು ಹಾಕುತ್ತಿದ್ದರು. ಅವಳು ಇನ್ನೊಬ್ಬಳು ಕನ್ನಡ ಆಡುವುದನ್ನು ಹಿಡಿದು, ಆ ತುಂಡನ್ನು ಅವಳ ಕೊರಳಿಗೆ ದಾಟಿಸಬೇಕು. ಹಾಗೆ ಕಲಿತೇ ನನ್ನ ಪ್ರೊನನ್ಸಿಯೇಷನ್ ಇಷ್ಟು ಕ್ಲೀನ್ ಆಗಿದೆ ಎಂದು ನಾನು ತಿಳಿದಿದ್ದೆ. ಅದನ್ನೇ ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಕುದಿಯುತ್ತಿತ್ತು.

“ಮಾರ್ಕ್ಸ್ ಹೋಗ್ಲಿ ಬಿಡ್ರಿ. ಬಿ.ಎ.ದಾಗ ನನಗ ಫಸ್ಟ್ ಕ್ಲಾಸ್. ಆದ್ರ ನನಗ ಓದಾಕ ಬರತೈತೊ, ಬರೇ ಬಾಯಿಪಾಠ ಬರತೈತೊ? ಅದಽ ಗೊತ್ತಾಗಬೇಕಾಗೈತಿ. ಈ ಸಲಾನೂ ತಿಳೀಲಿಲ್ಲ ಅಂದ್ರ ಸೀಟ್ ಬಿಡತೇನಿ. ಸುಳ್ಳು ಎಂ.ಎ. ಮಾಡಿ ನಾಳೆ ಮಕ್ಕಳ ಮುಂದ ನಿಂತು ಏನಂತ ಹೇಳ್ಲಿ?”

ಅಂದಿನಿಂದ ನಮ್ಮಿಬ್ಬರಿಗೂ ನಿದ್ದೆ ಸರಿಯಿಲ್ಲ. ಊಟ ಮುಗಿದು ಅವಳ ಅತ್ತೆ ಅಡ್ಡಾದ ಮೇಲೆ, ಮೊರದಲ್ಲಿ ಮೆಂತೆ ಸೊಪ್ಪು ಹಾಕಿಕೊಂಡು ಓಡಿ ಬರುತ್ತಿದ್ದಳು. ನಾನು ಜೋರಾಗಿ ಓದುವುದು, ಅವಳು ಸೊಪ್ಪು ಬಿಡಿಸುತ್ತ ಕೇಳುವುದು. ಕಣ್ಣಿಗೆ ಹತ್ತದ್ದು ಕಿವಿಗಾದರೂ ಹತ್ತೀತು ಎಂಬ ಆಸೆ. ಒಂದು ಪುಟ ಮುಗಿಯುವುದರೊಳಗೆ ಅವಳು ಎದ್ದು ಅಡ್ಡಾಡಲು ಶುರು ಮಾಡುತ್ತಿದ್ದಳು, ಅವಳನ್ನು ನೋಡಿ ನಾನೂ. ಕಾಲು ಸುಟ್ಟ ಎರಡು ಬೆಕ್ಕುಗಳು ಒಂದು ಪಡಸಾಲೆಯಲ್ಲಿ. ಹಬ್ಬದ ಕರ್ಜಿಕಾಯಿ ಕರಿಯುವಾಗಲೂ ಅವಳ ಬಾಯಲ್ಲಿ ಅದೇ ಪ್ರಬಂಧ. ಏನು ಮಾಡಿದರೂ ಒಂದನೇ ಪುಟಕ್ಕೂ ಮೂರನೇ ಪುಟಕ್ಕೂ ಹೊಂದಾಣಿಕೆಯೇ ಆಗುತ್ತಿರಲಿಲ್ಲ.

“ಇವಂಗ ತಲಿ ಕೆಟ್ಟೈತೇನ್ರಿ? ಅಲ್ಲಿ ಬಿಡು ಅಂತಾನ, ಇಲ್ಲಿ ಹಿಡಿ ಅಂತಾನ. ಅದೂ ಎಷ್ಟ್ ಚಂದ ಹೇಳ್ಯಾನ, ಆ ಬಿಡೂ ಮಾತ!”

ಹಾಗೆಂದವಳು ಥಟ್ಟನೆ ನಿಂತಳು. ಕೈಯಲ್ಲಿ ಮೆಂತೆಯ ದಂಟು ಹಾಗೇ ಇತ್ತು.

“ಅಕ್ಕೋರ... ಇವ ನಮ್ಮಪ್ಪನಂಗ ಮಾತಾಡಾಕತ್ತಾನ್ರಿ.”

ಅವಳ ಅಪ್ಪ ತಾಂಬಾದಲ್ಲಿ ಪಂಚಾಯ್ತಿಗೆ ಕೂರುತ್ತಿದ್ದ ಹಿರಿಯ. ಹೊಲದ ಬದುವಿನ ಜಗಳ, ಅಣ್ಣತಮ್ಮರ ಪಾಲಿನ ಜಗಳ ಅವರ ಕಟ್ಟೆಗೇ ಬರುತ್ತಿದ್ದವು.

“ಬದಾ ಒತ್ತಿದವ ಯಾರಂತ ಅಪ್ಪಗ ಗೊತ್ತಿರತಿತ್ರಿ. ಆದ್ರೂ ಮೊದಲ ಅವನ ಕಡಿಂದಽ ಮಾತಾಡತಿದ್ದ. ಅವನ ಬಾಯಾಗ ಬರಲಾರದ್ದನ್ನೂ ತಾನಽ ಸೇರಿಸಿ ಹೇಳತಿದ್ದ. ಕುಂತ ಮಂದಿ, ಹಿರ್‍ಯಾ ಅತ್ಲಾಗ ಹೊಳ್ಳಿದ ಬಿಡು ಅಂತಿದ್ರು. ಎಲ್ಲಾ ಹೇಳಿ, ಎದ್ದ ಹೋಗಿ ಎಲಿ ಉಗುಳಿ ಬಂದು, ‘ಇದು ನಿನ್ನ ಮಾತು, ಹೌದಿಲ್ಲೊ?’ ಅಂತಿದ್ದ. ಅವ ಹೌದ್ರಿ ಅಂದ ಮ್ಯಾಲ, ‘ಈಗ ನಂದು ಕೇಳು’ ಅಂತ ಸುರು ಮಾಡತಿದ್ದ.”

ನನಗೆ ಇನ್ನೂ ತಿಳಿಯಲಿಲ್ಲ. ಅವಳು ನನ್ನ ಕೈಯಿಂದ ಹಾಳೆ ಕಿತ್ತುಕೊಂಡಳು.

“ಮೊದಲನೇ ಪುಟ ಇವಂದಲ್ಲರಿ! ಎದುರಿನ ಪಾರ್ಟಿದು. ಅವರ ಮಾತ ಪೂರಾ ಹೇಳಿ ಮುಗಸಾಕತ್ತಾನ. ಅಪ್ಪ ಉಗುಳಾಕ ಎದ್ದಾಗಽ ಪಂಚಾಯ್ತಿ ಮುಗೀತಂತ ತಿಳದು ಎದ್ದ ಬಂದೇನಲ್ರಿ ನಾನು!”

ಅವಳ ನಗು ಎಂದರೆ... ಮೊರ ಬೋರಲಾಗಿ ಬಿದ್ದು ಸೊಪ್ಪೆಲ್ಲ ನೆಲಕ್ಕೆ. ಯಾವ ಲೇಖಕ ಕನ್ನಡ ಬಿಡಬೇಡ ಎಂದು ಬರೆದಿದ್ದನೋ, ಅವನ ಮಾತು ಪಾಲಿಸುತ್ತಿದ್ದೇನೆಂದು ಇಷ್ಟು ದಿನ ಹಲ್ಲು ಕಚ್ಚಿ ಕನ್ನಡ ಬಿಟ್ಟಿದ್ದಳು! ನಗಬೇಕೋ ಅಳಬೇಕೋ ಅವಳಿಗೂ ತಿಳಿದಂತಿರಲಿಲ್ಲ. ಎರಡನ್ನೂ ಮಾಡಿದಳು.

ಮರುದಿನ ಎರಡು ಬಣ್ಣದ ಟಿಕಳಿ ಪಾಕೀಟು ತಂದಳು, ಹಣೆಗೆ ಅಂಟಿಸುವ ಸಣ್ಣ ಟಿಕಳಿ. ಎದುರಿನವರ ಮಾತಿಗೆ ಕೆಂಪು, ಲೇಖಕನ ಮಾತಿಗೆ ಕಪ್ಪು. ಒಂದೊಂದು ಪ್ಯಾರಾ ನಾನು ಓದಬೇಕು, ಇದು ಯಾರ ಮಾತು ಎಂದು ಅವಳು ಕೇಳಬೇಕು, ಇಬ್ಬರೂ ಕನ್ನಡದಲ್ಲಿ ಜಗಳಾಡಬೇಕು, ತೀರ್ಮಾನವಾದ ಮೇಲೆ ಪಕ್ಕದಲ್ಲಿ ಟಿಕಳಿ. ಮೊದಲ ಪುಟ ದಡಾರ ಎದ್ದ ಕೂಸಿನಂತೆ ಕೆಂಪಾಯಿತು. ಹುಡುಕಿಕೊಂಡು ಬಂದ ಅವಳ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

“ಹಣಿಗಿ ಹಚ್ಚೂದ ಬಿಟ್ಟು ಹಾಳಿಗಿ ಹಚ್ಚಾಕತ್ತೀಯಲ್ಲ, ನಿನ್ನ ಗಂಡ ಈ ಹಾಳ್ಯಾಗ ಅದಾನೇನ?”

“ಇಲ್ರಿ ಅತ್ತಿ, ಇದರಾಗ ನಮ್ಮಪ್ಪ ಅದಾನ್ರಿ!”

ಎಲ್ಲವೂ ಸಲೀಸಾಗಲಿಲ್ಲ. ನಡುವಿನ ಕೆಲವು ಪ್ಯಾರಾಗಳು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಲೇಖಕ ಮೂರನೆಯವನೊಬ್ಬನನ್ನು ಕರೆತಂದು, ಅವನದು ಅರ್ಧ ಸರಿ ಎಂದು ಒಪ್ಪಿ, ಮಿಕ್ಕ ಅರ್ಧಕ್ಕೆ ತಕರಾರು ತೆಗೆಯುತ್ತಿದ್ದ. ಅಲ್ಲಿ ಟಿಕಳಿ ಹಚ್ಚುವುದು, ಕೀಳುವುದು, ಮತ್ತೆ ಹಚ್ಚುವುದು. ಹಾಳೆಯೇ ಹರಿಯಿತು. ಒಮ್ಮೆ ಅವಳು ಎಲ್ಲವನ್ನೂ ಕೆಳಗೆ ಒಗೆದು, ಇದು ನನ್ನ ಕೈಲಾಗುವುದಲ್ಲ ಎಂದು ಎದ್ದು ಹೋದಳು. ಚಹಾ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ, ಬೀದಿ ದಾಟಿ ವಾಪಸು ಓಡಿ ಬಂದಳು. ಆ ಓಟ ನೋಡಿ ನನಗೆ ಎಷ್ಟು ಸಮಾಧಾನವಾಯಿತು ಎಂದು ಅವಳಿಗೆ ನಾನೆಂದೂ ಹೇಳಲಿಲ್ಲ.

ಎರಡನೇ ಸೆಮಿನಾರಿನ ದಿನ ನಾನು ಗೇಟಿನ ಹತ್ತಿರವೇ ಇದ್ದೆ. ಹೂವಿನ ಗಿಡಕ್ಕೆ ನೀರು ಹಾಕುವ ನೆವ. ಗಿಡ ಕೊಳೆಯುವಷ್ಟು ನೀರು ಹಾಕಿದ್ದೆನೇನೋ. ಬಸ್ಸು ತಡವಾಗಿತ್ತು. ಬಂದವಳು ಮುಖದ ಧೂಳನ್ನೂ ಒರೆಸದೆ ಸೀದಾ ನನ್ನ ಮುಂದೆ ನಿಂತಳು.

“ಏನಾತ?”

“ಯಾರ ಮಾತು ಎಲ್ಲಿ ಮುಗೀತು, ಯಾರದು ಎಲ್ಲಿ ಸುರು ಆತು, ಎಲ್ಲಾ ಹೇಳಿದೆ. ಮೇಡಂ ಹೂಂ ಅಂದ್ರು. ಆಮ್ಯಾಲ, ‘ಇವರೆಲ್ಲಾರದು ಆತು, ನಿಂದೇನು?’ ಅಂದ್ರು.”

“ನಿಂದು?”

“ನನಗೂ ದಿಗಿಲಾತ್ರಿ. ಕೇಳಿದವರಽ ಇರಲಿಲ್ಲ ನೋಡ್ರಿ ಇಷ್ಟ ದಿನ...”

ಆ ಪ್ರಬಂಧದ ಕೊನೆಯಲ್ಲಿ ಲೇಖಕ, ತಾಯ್ನುಡಿ ಒಂದು ಏಣಿ, ಮೇಲೆ ಹತ್ತುವವರೆಗೆ ಬೇಕು, ಹತ್ತಿದ ಮೇಲೆ ಏಣಿಯನ್ನು ಸರಿಸಿಬಿಡಬಹುದು ಎಂದು ಮುಗಿಸಿದ್ದ. ನಾವಿಬ್ಬರೂ ಅಲ್ಲಿಗೆ ಕಪ್ಪು ಟಿಕಳಿ ಹಚ್ಚಿ ನೆಮ್ಮದಿಯಿಂದ ಕೈ ತೊಳೆದಿದ್ದೆವು.

“ನಾ ಹೇಳಿದೆ ಅಕ್ಕೋರ, ಮಾಳಗಿ ಹತ್ತಿದ ಮ್ಯಾಲ ಏಣಿ ಸರಿಸಿದ್ರ ಇಳಿಯೋದು ಹ್ಯಾಂಗ್ರಿ ಮೇಡಂ ಅಂದೆ. ನಾ ಮ್ಯಾಲ ಓದಿದ್ದನ್ನ ನಮ್ಮತ್ತಿಗಿ ಹೇಳಾಕ ಕೆಳಗ ಬರಬೇಕಲ್ರಿ? ಹತ್ತೂದಕ್ಕಷ್ಟಽ ಅಲ್ಲ, ಇಳಿಯೂದಕ್ಕೂ ಅದಽ ಏಣಿ ಅಂದೆ.”

“ಇಂಗ್ಲಿಷಿನಾಗ ಅಂದೆಯಾ?”

“ಅರ್ಧ ಇಂಗ್ಲಿಷು, ಅರ್ಧ ನಂದು. ಯಾರೂ ನಗಲಿಲ್ಲರಿ.”

ಪಾರ್ಟಿ ಬದಲಿ ಎಂದು ಕುಚೋದ್ಯ ಮಾಡಿದ್ದ ಬಾಗೇವಾಡಿಯ ಹುಡುಗ ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಬಂದು, “ಅಕ್ಕಾ, ನನ್ನ ಪೇಪರ್‌ದಾಗೂ ಎಷ್ಟು ಮಂದಿ ಅದಾರ ನೋಡಿ ಹೇಳ್ರಿ” ಎಂದು ಗಂಟುಬಿದ್ದನಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಮರುದಿನ ಹಸಿರು ಟಿಕಳಿಯೊಂದನ್ನು ಆ ಕೊನೆಯ ಪುಟದ ಅಂಚಿಗೆ ಒತ್ತಿ ಹಚ್ಚಿದಳು. “ಇದು ನಂದು” ಎಂದಳು.

ನಾನು ಮಾತ್ರ ಒಪ್ಪಲಿಲ್ಲ. ನನ್ನದು ಮೊದಲ ಪುಟದ ಪಕ್ಷ. ಕನ್ನಡ ಬಿಟ್ಟಿದ್ದರಿಂದಲೇ ನನಗೆ ಇಂಗ್ಲಿಷ್ ದಕ್ಕಿತು, ನಾನು ಕನಸನ್ನೂ ಇಂಗ್ಲಿಷಿನಲ್ಲೇ ಕಾಣುತ್ತೇನೆ ಅಂದೆ.

“ಕನಸಿನ್ಯಾಗ ಹಾವು ಬಂದ್ರ ಏನಂತ ಒದರತೀರಿ ಅಕ್ಕೋರ?”

“ಸ್ನೇಕ್ ಅಂತ!”

“ದೇವರಾಣಿ ಮಾಡ್ರಿ ನೋಡೂನು!”

ಮಾಡಲಿಲ್ಲ. ಆ ಜಗಳ ನಮ್ಮ ನಡುವೆ ವರ್ಷಗಟ್ಟಲೆ ನಡೆಯಿತು. ಎಂ.ಎ. ಮುಗಿಸಿದಳು. ಗಂಡನಿಗೆ ಮುದ್ದೇಬಿಹಾಳಕ್ಕೆ ವರ್ಗವಾಗಿ, ಅತ್ತೆಯನ್ನೂ ಕರೆದುಕೊಂಡು ಅಲ್ಲಿಗೇ ಹೋದರು. ಅಲ್ಲಿನ ಕಾಲೇಜೊಂದರಲ್ಲಿ ಗೆಸ್ಟ್ ಲೆಕ್ಚರರ್ ಆದಳು. ಆಗಾಗ ಫೋನು. ಪ್ರಬಂಧ ಓದಿಸುವ ದಿನ ಕ್ಲಾಸಿನಲ್ಲಿ ಕಟ್ಟೆ ಪಂಚಾಯ್ತಿ ಹೂಡುತ್ತಿದ್ದಳಂತೆ. ಒಬ್ಬಳು ಎದುರಿನ ಪಕ್ಷ, ಒಬ್ಬ ಲೇಖಕ, ಮಿಕ್ಕವರು ಕಟ್ಟೆಯ ಮಂದಿ. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ, ನಿಂದೇನು? ಹಳ್ಳಿಯ ಹುಡುಗಿಯರು ಮೊದಲು ತಲೆ ಬಗ್ಗಿಸುತ್ತಿದ್ದರು, ಆಮೇಲೆ ಸುಮ್ಮನಿರಿಸುವುದೇ ಕಷ್ಟವಾಗುತ್ತಿತ್ತು ಎಂದು ನಗುತ್ತಿದ್ದಳು. ಸಿಂದಗಿಗೆ ಬಂದಾಗಲೆಲ್ಲ ನನ್ನ ಪಡಸಾಲೆಗೆ ಬಂದು, ಕೂರುವ ಮೊದಲೇ ಏಣಿಯ ವಾದ ತೆಗೆಯುತ್ತಿದ್ದಳು. ಕೊನೆಯ ಸಲ ಬಂದಾಗ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲೇ ತಿರುಗಿ, “ಇದು ಇನ್ನಾ ಮುಗದಿಲ್ಲ ನೋಡ್ರಿ. ಮುಂದಿನ ಸಲ ನಿಮ್ಮ ಕಡಿಂದ ಹೌದ್ ಅನಿಸಿಕೊಂಡಽ ಹೋಗಾಕಿ ನಾ” ಎಂದು ಓಡಿದಳು.

ಹೋದ ವರ್ಷ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಡೆಂಗಿ ಅಂದರು. ಬಿಜಾಪುರದ ಆಸ್ಪತ್ರೆಗೆ ಸೇರಿಸಿದರು, ಸುಧಾರಿಸಿದಳು ಅಂದರು... ಆಮೇಲೆ ಅವಳ ಗಂಡನ ಫೋನು ಬಂತು.

ಅವಳ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ನನ್ನನ್ನೂ ಕರೆದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾಲ್ಕು ಮಾತು ಜೋಡಿಸಿಕೊಂಡೆ, ಇಂಗ್ಲಿಷಿನಲ್ಲಿ. ಇಂಗ್ಲಿಷ್ ಕಲಿಸುತ್ತಿದ್ದವಳು, ಇಂಗ್ಲಿಷ್ ವಿದ್ಯಾರ್ಥಿಗಳ ಸಭೆ, ಅದೇ ಗೌರವ ಅನ್ನಿಸಿತ್ತು. ಎಲೊಕ್ಯೂಷನ್ ಕಲಿಸಿದ ನಾಲಿಗೆ, ತೊಡಕೇನೂ ಇರಲಿಲ್ಲ. ವೇದಿಕೆಯ ಮೆಟ್ಟಿಲು ಹತ್ತಿ ಮೈಕಿನ ಮುಂದೆ ನಿಂತೆ. ಮುಂದಿನ ಸಾಲಿನಲ್ಲಿ ಅವಳ ಅತ್ತೆ ಕೂತಿದ್ದರು. ಸೆರಗು ಬಾಯಿಗೊತ್ತಿಕೊಂಡು, ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ಸೊಸೆಯ ಬಗ್ಗೆ ಈ ಅಕ್ಕೋರು ಏನು ಹೇಳುತ್ತಾರೋ ಎಂದು ಕಾಯುತ್ತಿದ್ದರು.

“ಡಿಯರ್ ಫ್ರೆಂಡ್ಸ್” ಎಂದೆ. ಮುಂದಿನದು ಬರಲಿಲ್ಲ. ಮರೆತದ್ದಲ್ಲ, ಪ್ರತಿ ಶಬ್ದವೂ ತಲೆಯಲ್ಲಿ ಇತ್ತು. ಆ ಮುಖದವರೆಗೆ ಅದು ಹೋಗುವಂತಿರಲಿಲ್ಲ. ನಾನು ಮೇಲೆ ನಿಂತಿದ್ದೆ, ಅವರು ಕೆಳಗೆ ಕೂತಿದ್ದರು...

“ವೈನಿ, ನಿಮ್ಮ ಸೊಸಿ ಬೀದಿ ದಾಟೂದು ನಾಲ್ಕು ಹೆಜ್ಜಿ, ಅದನ್ನೂ ಓಡಿಕೋತ ದಾಟತಿದ್ದಳು,” ಎಂದೆ. ಅಲ್ಲಿಂದ ಮುಂದೆ ಏನು ಹೇಳಿದೆನೋ ನೆನಪಿಲ್ಲ. ಎಲ್ಲವೂ ಕನ್ನಡದಲ್ಲೇ ಹೇಳಿದೆ, ಅವರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು ಎಂಬುದಷ್ಟೇ ನೆನಪು.

ಈಗ ಎದುರು ಮನೆಯಲ್ಲಿ ಬಾಡಿಗೆಗೆ ಬೇರೆಯವರಿದ್ದಾರೆ. ಅವರ ಮಗಳೂ ಎಂ.ಎ. ಇಂಗ್ಲಿಷ್. ಮೊನ್ನೆ ಹೊಸ್ತಿಲಲ್ಲಿ ನಿಂತು ಫೋನಿನಲ್ಲಿ ಏನೋ ಓದುತ್ತಿದ್ದಳು. ದೊಡ್ಡ ಪ್ರಬಂಧವನ್ನು ಅದರೊಳಗೆ ಹಾಕಿದರೆ ಸಾರಾಂಶವನ್ನು ಕನ್ನಡದಲ್ಲೇ ಕೊಡುತ್ತದಂತೆ. ಒಳ್ಳೆಯದೇ ಆಯಿತು. ಒಂದು ಸಾಲು ಓದಿ ತೋರಿಸಿದಳು.

“ಇದು ಯಾರ ಮಾತವ್ವಾ?” ಎಂದು ಕೇಳಿದೆ.

“ಆ್ಯಪಿಂದ್ರಿ ಅಕ್ಕೋರ.”

ಆ ಮಾತನ್ನು ಯಾರಿಗಾದರೂ ಹೇಳಬೇಕು ಎಂದು ಅಂಗಳ ಪಡಸಾಲೆ ತಿರುಗಿದೆ. ಟಿಕಳಿ ಹಚ್ಚುತ್ತಿದ್ದವಳು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಕ್ಕ ಮೇಲೆ ಆ ಹುಡುಗಿಯನ್ನು ಕೈಹಿಡಿದು ಕರೆತಂದು ಇಲ್ಲೇ ಕೂರಿಸುತ್ತಿದ್ದಳು. ನಾನೇ ಕರೆಯಬಹುದು. ನಾಳೆ ಕರೆಯುತ್ತೇನೇನೋ. ಆದರೆ ಕನಸಿನಲ್ಲಿ ಹಾವು ಬಂದರೆ ನಾನು ಒದರುವುದು ಕನ್ನಡದಲ್ಲೇ ಎಂಬುದನ್ನು ಅವಳಿಗಲ್ಲದೆ ಬೇರೆ ಯಾರಿಗೆ ಹೇಳಲಿ? ಅವಳು ಕೇಳಿದ್ದು ಒಂದು ‘ಹೌದು’. ಅದು ನನ್ನ ಬಾಯಿಂದ ಬಂದದ್ದು ಮುದ್ದೇಬಿಹಾಳದ ಆ ಸಭೆಯಲ್ಲಿ. ಎಲ್ಲರೂ ಇದ್ದರು, ಅವಳೊಬ್ಬಳು ಇರಲಿಲ್ಲ.